ಬೂಟು ಬಿಚ್ಚಬಾರದ ದೋಣಿ

"ಒಂದು ಪ್ರಾಣಿ ಇದೆ," ಅಂದರು ಕೆನ್ ಅಜ್ಜ. "ನಾಲ್ಕು ಕಾಲು, ಸುರುಳಿ ಬಾಲ. ಅದರ ಹೆಸರನ್ನು ನನ್ನ ದೋಣಿಯಲ್ಲಿ ಯಾರೂ ಎತ್ತಕೂಡದು."

"ಓ! ಗೊತ್ತಾಯ್ತು. ಪಿ—"

ಅಷ್ಟರಲ್ಲಿ ಅವರ ಮಗಳು ಜೆಸ್ ಹಾರಿ ಬಂದು ಕ್ಷಮಾಳ ಬಾಯಿ ಮುಚ್ಚಿದಳು. ಅವಳ ರಬ್ಬರ್ ಗ್ಲವ್ಸಿಗೆ ಗಮ್ಮೆಂದು ಮೀನಿನ ವಾಸನೆ. ಕೆನ್ ಅಜ್ಜ ಗಡಬಡಿಸಿ ದೋಣಿಯ ಕಬ್ಬಿಣದ ಕೊಂಡಿಯನ್ನು ಮುಟ್ಟಿಕೊಂಡರು. ಕಬ್ಬಿಣ ಮುಟ್ಟಿದರೆ ದೋಷ ಹೋಗುತ್ತದಂತೆ.

ನಾನು ನೀವು ದಡದ ಮೇಲಿದ್ದೇವೆ, ಬೇಕಾದಷ್ಟು ಸಲ ಹೇಳಬಹುದು. ಹಂದಿ, ಹಂದಿ, ಹಂದಿ. ಏನಾಯಿತು? ಏನೂ ಆಗಲಿಲ್ಲ. ಆದರೆ ಇಂಗ್ಲೆಂಡಿನ ಉತ್ತರದ ಕಡಲತೀರದಲ್ಲಿ ಕೆನ್ ಅಜ್ಜನಂಥ ಹಳೇ ಮೀನುಗಾರರ ಮುಂದೆ ಈ ಮಾತು ಆಡಿ ನೋಡಿ, ಆಮೇಲೆ ನನಗೆ ಹೇಳಿ.

"ಅಕಸ್ಮಾತ್ ಯಾರಾದ್ರೂ ಹೇಳಿಬಿಟ್ರೆ?" ಕ್ಷಮಾ ಬಾಯಿ ಒರೆಸಿಕೊಳ್ಳುತ್ತಾ ಇಂಗ್ಲಿಷಿನಲ್ಲಿ ಕೇಳಿದಳು.

"ದೋಣಿ ವಾಪಸ್. ನಮ್ಮಪ್ಪ ಹಾಗೇ ತಿರುಗಿಸ್ತಿದ್ರು, ನಾನೂ ತಿರುಗಿಸ್ತೀನಿ. ಹೆಸರು ಎತ್ತಬಾರದು, ಚಿತ್ರ ತರಬಾರದು. ಹೋದ ವರ್ಷ ಒಬ್ಬ ಅದರ ಮಾಂಸದ ಬೇಕನ್ ರೋಲ್ ಕಟ್ಟಿಸಿಕೊಂಡು ಬಂದಿದ್ದ. ಅವನನ್ನ ಈ ಬಂದರಿನ ಮೆಟ್ಟಿಲ ಮೇಲೇ ಬಿಟ್ಟು ಹೋದೆ."

ಕೆನ್ ಅಜ್ಜ ತಮಾಷೆ ಮಾಡುತ್ತಿರಲಿಲ್ಲ. ಅವರ ಬಿಳಿ ಹುಬ್ಬು ಒಂದಿಷ್ಟೂ ಅಲುಗಲಿಲ್ಲ.

ಕ್ಷಮಾ ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಯಾಕೆ ಅಂತೀರಾ? ಅವಳ ನೀಲಿ ರಬ್ಬರಿನ ವೆಲ್ಲಿ ಬೂಟಿನ ಒಳಗೆ ಸಾಕ್ಸ್ ಇದ್ದವು. ಸ್ಕೂಲ್ ಫ್ರೆಂಡ್ ಹರ್ಷಿತಾ ಬರ್ತ್‌ಡೇಗೆ ಕೊಟ್ಟ ಹೊಸ ಸಾಕ್ಸ್. ಒಂದೊಂದರ ಮೇಲೂ ಸಾಲುಸಾಲಾಗಿ ಗುಲಾಬಿ ಬಣ್ಣದ, ಗುಂಡುಗುಂಡಾದ, ಸುರುಳಿ ಬಾಲದ ಅವೇ ಪ್ರಾಣಿಗಳು. ಅದರಲ್ಲಿ ಕೆಲವು ಕಣ್ಣು ಬೇರೆ ಹೊಡೆಯುತ್ತಿದ್ದವು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಅವಳು ಮೆಟ್ಟಿಲ ಕಡೆ ತಿರುಗಿದಳು, ಅಜ್ಜಿ ಇಳಿದು ಬರುತ್ತಿದ್ದರು.

ಅಜ್ಜಿಯ ಹೆಸರು ಜಲಜಾಕ್ಷಿ. ಮಲ್ಪೆಯವರು. ಸೀರೆಯ ಮೇಲೆ ಕ್ಷಮಾಳ ಅಮ್ಮನ ರೇನ್‌ಕೋಟು, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟು, ಕಾಲಿಗೆ ಅಮ್ಮನ ವೆಲ್ಲಿ ಬೂಟು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಗೋಡೆಯ ಸರಪಳಿ. ಮುಖ ನೋಡಿದರೆ ಮದುವೆ ಮನೆಗೆ ಹೊರಟವರ ಹಾಗಿತ್ತು.

ಅಜ್ಜಿಯ ಅಪ್ಪನಿಗೆ ದೋಣಿ ಇತ್ತು. ಅಣ್ಣ ಭುಜಂಗನಿಗೆ ಈಗ ದೊಡ್ಡ ಬೋಟೇ ಇದೆ. ಅಜ್ಜಿ ಮಾತ್ರ ಜೀವಮಾನವಿಡೀ ದಡದಲ್ಲೇ ನಿಂತು, ಬುಟ್ಟಿ ಹೊತ್ತು, ಮನೆಮನೆಗೆ ಮೀನು ಮಾರಿದವರು. ಹಾಗೆ ಮಾರಿಯೇ ಕ್ಷಮಾಳ ಅಪ್ಪನನ್ನು ಇಂಜಿನಿಯರಿಂಗ್ ಓದಿಸಿದ್ದು. ಆದರೆ ಒಂದೇ ಒಂದು ಸಲವೂ ಮೀನಿನ ದೋಣಿ ಹತ್ತಿರಲಿಲ್ಲ. "ಹೆಂಗಸರು ಹತ್ತಿದ್ರೆ ಮೀನು ಸಿಗೂದಿಲ್ಲ ಅಂತ ನಮ್ಮಲ್ಲಿ," ಅಂದಿದ್ದರು ಒಮ್ಮೆ. "ಸಣ್ಣವಳಿದ್ದಾಗ ಬಲೆಯ ಅಡಿ ಅಡಗಿ ಕೂತಿದ್ದೆ. ಅಣ್ಣ ಜಡೆ ಹಿಡಿದು ಎಳೆದು ಹಾಕಿದ."

ಕಳೆದ ಚಳಿಗಾಲದಲ್ಲಿ ಕೆನ್ ಅಜ್ಜನ ಮೊಣಕಾಲಿನ ಆಪರೇಷನ್ ಆಗಿದ್ದು ಲೀಡ್ಸ್‌ನಲ್ಲಿ, ಕ್ಷಮಾಳ ಅಮ್ಮ ಡಾಕ್ಟರಾಗಿರುವ ಆಸ್ಪತ್ರೆಯಲ್ಲಿ. ಮಾತಿಗೆ ಮಾತು ಬಂದು ಅಮ್ಮ ತನ್ನ ಅತ್ತೆಯ ಕತೆ ಹೇಳಿದಳು. "ಅವರು ಬಂದಾಗ ನಮ್ಮೂರು ಸ್ಕಾರ್‌ವಿಕ್‌ಗೆ ಕಳಿಸು. ನಾನು ಕರ್ಕೊಂಡು ಹೋಗ್ತೀನಿ," ಅಂದಿದ್ದರು ಕೆನ್ ಅಜ್ಜ.

ಅಜ್ಜಿ ಬಂದ ಮೇಲೆ ಬೇಸಗೆಯ ಮೂರು ವಾರ ಬರೀ ಗಾಳಿ, ಮಳೆ. ಹೋಗಲಾಗಲೇ ಇಲ್ಲ. ಇವತ್ತು ಶುಕ್ರವಾರ. ಶನಿವಾರ, ಭಾನುವಾರ ಇಲ್ಲಿ ಬಲೆ ಹಾಕಲು ಕಾನೂನು ಬಿಡುವುದಿಲ್ಲ. ಭಾನುವಾರವೇ ಅಜ್ಜಿಯ ಫ್ಲೈಟು. ಆಗಸ್ಟ್ ಮುಗಿದರೆ ಸೀಸನ್ನೂ ಮುಗಿಯಿತು. ಇವತ್ತು ದೋಣಿ ವಾಪಸಾದರೆ ಅಜ್ಜಿ ದೋಣಿ ಹತ್ತದೆಯೇ ಊರಿಗೆ ಹೋಗಬೇಕು. ಅದೂ ಕ್ಷಮಾಳ ಸಾಕ್ಸಿನ ದೆಸೆಯಿಂದ!

ಸಾಕ್ಸ್ ಬೂಟಿನ ಒಳಗಲ್ಲವೇ ಇರುವುದು, ಯಾರು ನೋಡುತ್ತಾರೆ ಅಂದುಕೊಂಡು ಕ್ಷಮಾ ತುಟಿ ಹೊಲಿದುಕೊಂಡಳು.

ಆಗ ಅಜ್ಜಿ ಕೊನೆಯ ಮೆಟ್ಟಿಲ ಮೇಲೆ ನಿಂತರು. ದೋಣಿಯನ್ನು ಒಮ್ಮೆ ಕಣ್ತುಂಬ ನೋಡಿದರು. ಬೂಟು ಎರಡನ್ನೂ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು, ಬರಿಗಾಲಲ್ಲಿ ಒಳಗೆ ಇಳಿದು, ಮರದ ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಕ್ಷಮಾ, ಬೂಟು ಬಿಚ್ಚು."

"ಹಾಂ?"

"ಬೂಟು ಬಿಚ್ಚು ಮಾರಾಯ್ತಿ. ದೋಣಿ ಅಂದ್ರೆ ತಾಯಿ. ಚಪ್ಪಲಿ ಹಾಕಿಕೊಂಡು ತುಳಿಯುವುದುಂಟಾ? ಮೊದಲು ನಮಸ್ಕಾರ ಮಾಡು."

ನೋಡಿ, ಬಂತಲ್ಲ ಗ್ರಹಚಾರ!

"ಅಜ್ಜಿ, ತುಂಬ ಚಳಿ," ಅಂದಳು ಕ್ಷಮಾ.

"ಎಂತ ಚಳಿ? ನಾನು ನಿಂತಿಲ್ವಾ?"

"ಕಾಲು ಸ್ಮೆಲ್ ಬರುತ್ತೆ."

"ಮೀನಿನ ದೋಣಿಯಲ್ಲಿ ನಿನ್ನ ಕಾಲಿನ ವಾಸನೆ ಯಾರು ಕೇಳ್ತಾರೆ? ಬಿಚ್ಚು."

ಕ್ಷಮಾ ಅಪ್ಪನನ್ನು ಹುಡುಕಿದಳು. ಅಪ್ಪ ಜಯಪ್ರಕಾಶ ಮೇಲೆ ಕಾರ್ ಪಾರ್ಕಿಂಗ್ ಮೆಷಿನ್ ಜೊತೆ ಜಗಳವಾಡುತ್ತಿದ್ದ. ಕೆನ್ ಅಜ್ಜನಿಗೆ ಕನ್ನಡ ಬಾರದು, ಅಜ್ಜಿಗೆ 'ಥ್ಯಾಂಕ್ಯೂ' ಬಿಟ್ಟರೆ ಇಂಗ್ಲಿಷ್ ಬಾರದು. ಇಬ್ಬರ ನಡುವೆ ಸೇತುವೆಯ ಹಾಗೆ ಇದ್ದವಳು ಅವಳೊಬ್ಬಳೇ.

ಸೇತುವೆ ಸ್ವಲ್ಪ ವಾಲಿತು.

"ಅಜ್ಜಿ, ಅದು... ಇಲ್ಲಿ ದೋಣಿಯಲ್ಲಿ ಬೂಟ್ಸ್ ಬಿಚ್ಚಲೇಬಾರದಂತೆ. ಬಿಚ್ಚಿದ್ರೆ ಮೀನು ಓಡಿಹೋಗುತ್ತಂತೆ. ಕೆನ್ ಅಜ್ಜನ ರೂಲ್. ಅವರ ಅಪ್ಪನ ಕಾಲದಿಂದ."

ಅಜ್ಜಿಯ ಕಣ್ಣು ಅಗಲವಾಯಿತು. "ಅಯ್ಯೋ ದೇವರೇ! ಮೊದಲೇ ಹೇಳಬಾರದಾ?" ಅನ್ನುತ್ತಾ ಕಂಕುಳಿನ ಬೂಟು ತೆಗೆದು ಗಡಿಬಿಡಿಯಲ್ಲಿ ಎಡಗಾಲಿಗೆ ಬಲಗಾಲಿನದು ಹಾಕಿಕೊಂಡರು. ಕೆನ್ ಅಜ್ಜನ ಕಡೆ ನೋಡಿ ತಪ್ಪಾಯಿತು ಅನ್ನುವ ಹಾಗೆ ಎರಡೂ ಕೈ ಜೋಡಿಸಿದರು.

"ಏನಂತಾರೆ?" ಕೇಳಿದರು ಕೆನ್ ಅಜ್ಜ.

"ನಿಮ್ಮ ದೋಣಿ ತುಂಬ ಚೆನ್ನಾಗಿದೆಯಂತೆ."

ಕೆನ್ ಅಜ್ಜ ಕೆಂಪಗಾಗಿ ಟೋಪಿ ತೆಗೆದು ಬಗ್ಗಿದರು. ಕ್ಷಮಾ ಉಸಿರು ಬಿಟ್ಟಳು. ಅಬ್ಬಾ, ಸುಳ್ಳು ಹೇಳುವುದು ಇಷ್ಟು ಸುಲಭವೇ!

ಅಪ್ಪನೂ ಬಂದು ಹತ್ತಿದ ಮೇಲೆ ದೋಣಿ ಹೊರಟಿತು. ಬಂದರಿನ ಗೋಡೆ ದಾಟಿದ್ದೇ ತಡ, ದೋಣಿ ಕುಣಿಯತೊಡಗಿತು. ಮೊದಲ ಅಲೆಗೇ ಅಪ್ಪನ ಮುಖ ಬಿಳಿಚಿಕೊಂಡಿತು. ಎರಡನೆಯದಕ್ಕೆ ಹಸಿರಾಯಿತು. ಆಮೇಲೆ ಅವನು ಒಂದು ಬಕೆಟ್ ಅಪ್ಪಿಕೊಂಡು ಮೂಲೆಯಲ್ಲಿ ಕೂತವನು ಏಳಲೇ ಇಲ್ಲ.

"ಮೀನುಗಾರರ ಮನೆಯ ಮಗ ನೋಡು!" ಅಂದರು ಅಜ್ಜಿ. "ಇವನನ್ನು ನನ್ನ ಅಪ್ಪ ಕಂಡಿದ್ರೆ ಸಮುದ್ರಕ್ಕೇ ಹಾಕ್ತಿದ್ರು."

"ಅಮ್ಮಾ, ಸುಮ್ಮನಿರಿ ಮಾರಾಯ್ರೆ," ಅಂದ ಅಪ್ಪ ಬಕೆಟ್ಟಿನ ಒಳಗಿನಿಂದ.

ಅಜ್ಜಿಗೆ ಏನೂ ಆಗಲಿಲ್ಲ. ದೋಣಿಯ ಮುಂದಿನ ತುದಿಯಲ್ಲಿ ಕೂತು ಹಗ್ಗ ಹಿಡಿದು, ಅಲೆ ಹಾರಿದಾಗೆಲ್ಲ "ಓಹೋಯ್!" ಅನ್ನುತ್ತಿದ್ದರು. ನೀರು ಮುಖಕ್ಕೆ ರಾಚಿದಾಗ ನಾಲಿಗೆ ಚಾಚಿ ರುಚಿ ನೋಡಿದರು. "ನಮ್ಮದಕ್ಕಿಂತ ಉಪ್ಪು ಕಡಿಮೆ," ಅಂದರು. ಅಜ್ಜಿ ಹೀಗೆ ನಗುವುದನ್ನು ಕ್ಷಮಾ ನೋಡಿಯೇ ಇರಲಿಲ್ಲ. ಅವಳಿಗೂ ನಗು ಬಂತು, ಸಾಕ್ಸು ಮರೆತೇ ಹೋಯಿತು.

ಸ್ವಲ್ಪ ಹೊತ್ತಿಗೆ ಅಜ್ಜಿ ಅವಳನ್ನು ಹತ್ತಿರ ಕರೆದರು. "ಕೇಳು ಅವರತ್ರ. ನಾನು ಹತ್ತಿದ್ದಕ್ಕೆ ಮೀನು ಸಿಗದಿದ್ರೆ ಬೇಜಾರು ಮಾಡೂದಿಲ್ಲ ಅಲ್ವಾ?"

ಇದನ್ನು ಕ್ಷಮಾ ಸರಿಯಾಗಿಯೇ ಕೇಳಿದಳು. ಕೆನ್ ಅಜ್ಜ ಚುಕ್ಕಾಣಿ ಹಿಡಿದುಕೊಂಡೇ ಜೆಸ್ ಕಡೆ ಗಲ್ಲ ಎತ್ತಿ ತೋರಿಸಿದರು. ಮಗಳು ಹಳದಿ ರಬ್ಬರ್ ಪ್ಯಾಂಟು ಹಾಕಿಕೊಂಡು ಹಗ್ಗ ಸುತ್ತುತ್ತಿದ್ದಳು.

"ನಮ್ಮಪ್ಪನೂ ಹಾಗೇ ಅಂತಿದ್ರು. ಯಾಕೆ ಅಂತ ಕೇಳಿದ್ರೆ ಕಿವಿ ಹಿಂಡ್ತಿದ್ರು. ಆಮೇಲೆ ನನ್ನ ಜೊತೆಗಾರ ಕೆಲಸ ಬಿಟ್ಟ, ಬೇರೆ ಯಾರೂ ಸಿಗಲಿಲ್ಲ, ಇವಳು ಹತ್ತಿದಳು. ಮೀನು ಮಾಮೂಲಿನ ಹಾಗೇ ಬಂತು, ಲ್ಯಾಸ್."

ಲ್ಯಾಸ್ ಅಂದರೆ ಅವರ ಕಡೆಯ ಮಾತಿನಲ್ಲಿ ಹುಡುಗಿ.

ಕ್ಷಮಾ ಕನ್ನಡದಲ್ಲಿ ಹೇಳಿದಳು. ಅಜ್ಜಿ ಜೆಸ್‌ಳ ಕೈಗಳನ್ನೇ ನೋಡುತ್ತಾ ಕೂತರು.

ಬಲೆ ದಡದ ಹತ್ತಿರವೇ ಇತ್ತು. ಬಂಡೆಯ ಕಡೆಯಿಂದ ಸಮುದ್ರದೊಳಕ್ಕೆ ಗೋಡೆಯ ಹಾಗೆ ಇಳಿಬಿಟ್ಟಿದ್ದರು. ದಡದ ಉದ್ದಕ್ಕೆ ಈಜುತ್ತಾ ಬಂದ ಮೀನಿಗೆ ಗೋಡೆ ಅಡ್ಡ ಸಿಗುತ್ತದೆ, ಸುತ್ತಿಕೊಂಡು ಹೋಗೋಣ ಅಂತ ತಿರುಗುತ್ತದೆ, ತುದಿಯಲ್ಲಿ ಎರಡು ಬದಿಗೂ ಇರುವ ಬಲೆಯ ಕೋಣೆಯೊಳಗೆ ಸಿಕ್ಕಿಕೊಳ್ಳುತ್ತದೆ.

ಅಲ್ಲಿ ಮೊದಲೇ ಒಬ್ಬರು ಕಾಯುತ್ತಿದ್ದರು. ನುಣ್ಣನೆಯ ಬೂದು ತಲೆ, ಉದ್ದ ಮೀಸೆ. ಮೀನು ತಿನ್ನುವ ಕಡಲಪ್ರಾಣಿ, ಸೀಲ್!

"ಬಂದ ನೋಡು ಕಳ್ಳ," ಅಂದಳು ಜೆಸ್. "ನಮಗಿಂತ ಮೊದಲು ತಿಂಡಿ ಮುಗಿಸಿರ್ತಾನೆ."

ಕೆನ್ ಅಜ್ಜ, ಜೆಸ್ ಇಬ್ಬರೂ ಸೇರಿ ಬಲೆ ಎಳೆದರು. ಹಸಿರು ಪಾಚಿ ಬಂತು. ಇನ್ನಷ್ಟು ಪಾಚಿ ಬಂತು. ಅಂಬಲಿ ಹಾಗೆ ತುಳುಕುವ ಜೆಲ್ಲಿ ಫಿಶ್ ಬಂತು. ಯಾರದೋ ಟೆನಿಸ್ ಚೆಂಡು ಬಂತು. ಮೀನು ಮಾತ್ರ ಇಲ್ಲ.

ಅಜ್ಜಿಯ ನಗು ಇಳಿಯಿತು. ಅವರು ಸೆರಗು ಬಿಗಿಮಾಡಿಕೊಂಡು ಒಂದು ಪಕ್ಕಕ್ಕೆ ಸರಿದು ಮುದುಡಿ ಕೂತರು, ಜಾಗ ಕಡಿಮೆ ಹಿಡಿದರೆ ತಪ್ಪೂ ಕಡಿಮೆಯಾಗುತ್ತದೆ ಅನ್ನುವ ಹಾಗೆ.

"ನಾನು ಬರಬಾರದಿತ್ತು," ಅಂದರು ಮೆಲ್ಲಗೆ.

ಕ್ಷಮಾ ತನ್ನ ಬೂಟು ನೋಡಿಕೊಂಡಳು. ಅಜ್ಜಿಯಿಂದ ಅಲ್ಲ, ನನ್ನ ಸಾಕ್ಸಿನಿಂದ! ಬೂಟಿನೊಳಗೆ ಆ ಪ್ರಾಣಿಗಳು ಗೊರ್ ಗೊರ್ ಅಂದ ಹಾಗಾಯಿತು. ಅವಳು ಕಬ್ಬಿಣದ ಕೊಂಡಿಯನ್ನು ಹುಡುಕಿ ಒಂದಲ್ಲ, ನಾಲ್ಕು ಸಲ ಮುಟ್ಟಿದಳು.

ಅದೇ ಹೊತ್ತಿಗೆ ದೊಡ್ಡ ಅಲೆಯೊಂದು ಪಕ್ಕದಿಂದ ಬಂದು ಕೆನ್ ಅಜ್ಜನ ಎಡಗಾಲಿನ ಬೂಟಿನೊಳಗೆ ಧುಮುಕಿತು. "ಬ್ಲಡಿ—" ಅಂದವರು ಕ್ಷಮಾಳ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡರು. ಹಲಗೆಯ ಮೇಲೆ ಕೂತು, ಆಪರೇಷನ್ ಆದ ಕಾಲನ್ನು ಕಷ್ಟಪಟ್ಟು ಎತ್ತಿ, ನೀರು ಸುರಿಯಲು ಬೂಟು ಎಳೆಯತೊಡಗಿದರು.

"ಬೇಡಾ!"

ಅಜ್ಜಿ ಕೂತಲ್ಲಿಂದ ಹಾರಿದರು. ಆ ವಯಸ್ಸಿನಲ್ಲಿ ಅಷ್ಟು ದೂರ ಹೇಗೆ ಹಾರಿದರೋ ದೇವರೇ ಬಲ್ಲ. ಬಂದವರೇ ಕೆನ್ ಅಜ್ಜನ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕಾಲಿಗೆ ತುರುಕಿದರು. ಕೆನ್ ಅಜ್ಜ ಈ ಕಡೆ ಎಳೆದರು, ಅಜ್ಜಿ ಆ ಕಡೆ ಒತ್ತಿದರು. ಬೂಟಿನೊಳಗಿನ ನೀರು ಕಾರಂಜಿಯ ಹಾಗೆ ಚಿಮ್ಮಿ ಇಬ್ಬರ ಮುಖಕ್ಕೂ ಹೊಡೆಯಿತು.

"ಬಿಚ್ಚಬೇಡಿ ಕೆನ್ನಣ್ಣಾ! ಇದ್ದ ಮೀನೂ ಹೋಗ್ತದೆ!"

"ವಾಟ್ ಈಸ್ ಶೀ ಡೂಯಿಂಗ್?" ಕೂಗಿದರು ಕೆನ್ ಅಜ್ಜ. ಸೀಲ್ ಕೂಡ ಕತ್ತು ಉದ್ದ ಮಾಡಿ ನೋಡಿತು.

"ಎಂತಾಯ್ತು?" ಅಂತ ಅಪ್ಪ ಬಕೆಟ್ಟಿನಿಂದ ತಲೆ ಎತ್ತಿದ. ಉತ್ತರಕ್ಕೆ ಕಾಯುವಷ್ಟು ಪುರುಸೊತ್ತಿರಲಿಲ್ಲ, ಮತ್ತೆ ಇಳಿಸಿದ.

ಎಲ್ಲರೂ ಕ್ಷಮಾಳ ಕಡೆ ತಿರುಗಿದರು. ಅವಳ ಕಿವಿ ಬಿಸಿಯಾಯಿತು. ನಿಜ ಹೇಳಿದರೆ ಸಾಕ್ಸು, ಸಾಕ್ಸು ಅಂದರೆ ದೋಣಿ ವಾಪಸ್. ಬಲೆಯ ಇನ್ನೊಂದು ಕೋಣೆ ನೋಡುವುದು ಇನ್ನೂ ಬಾಕಿ ಇತ್ತು.

"ಅದೂ... ನಮ್ಮ ಊರಿನ ಕಡೆ ದೋಣಿಯಲ್ಲಿ ಬೂಟು ಬಿಚ್ಚಿದ್ರೆ ಮೀನೆಲ್ಲ ಓಡಿಹೋಗುತ್ತೆ ಅಂತಾರೆ," ಅಂದಳು ಇಂಗ್ಲಿಷಿನಲ್ಲಿ. "ಅದಕ್ಕೇ ಅಜ್ಜಿ..."

ನೀವು ನಗುತ್ತೀರಿ. ಕೆನ್ ಅಜ್ಜ ನಗಲಿಲ್ಲ. ಅವರ ಮುಖ ಗಂಭೀರವಾಯಿತು. ಅಜ್ಜಿಯನ್ನು ನೋಡಿದರು, ತಮ್ಮ ಬೂಟನ್ನು ನೋಡಿದರು, ಪಾಚಿ ತುಂಬಿದ ಬಲೆಯನ್ನು ನೋಡಿದರು.

"ಹೌದಾ?" ಅಂದರು. "ಮೊದಲೇ ಹೇಳಬೇಕಲ್ಲ!"

ಅಷ್ಟು ಹೇಳಿ ನೀರು ತುಂಬಿದ ಬೂಟನ್ನು ಮತ್ತೆ ಮೇಲಕ್ಕೆಳೆದುಕೊಂಡು ಎದ್ದು ನಿಂತರು. ಹೆಜ್ಜೆ ಇಟ್ಟಾಗೆಲ್ಲ ಪಚಕ್, ಪಚಕ್. ಆಮೇಲೆ ರೇಡಿಯೋ ತೆಗೆದುಕೊಂಡು, ಅತ್ತ ಕಡೆ ಬಲೆ ಹಾಕಿದ್ದ ತಮ್ಮ ಸ್ನೇಹಿತ ಡೇವ್‌ಗೆ, "ಡೇವ್, ನಿನ್ನ ಬೂಟು ಕಾಲಲ್ಲೇ ಇದೆಯಾ? ಬಿಚ್ಚಬೇಡ. ಯಾಕೆ ಅಂತ ಆಮೇಲೆ ಹೇಳ್ತೀನಿ," ಅಂದರು.

ಕ್ಷಮಾಳ ಒಂದು ಸಣ್ಣ ಸುಳ್ಳು ಈಗ ಎರಡು ದೋಣಿ ಹತ್ತಿತ್ತು.

ಬಲೆಯ ಇನ್ನೊಂದು ಕೋಣೆಯ ಹತ್ತಿರ ಹೋದರು. ಜೆಸ್ ಎಳೆದಳು. ಹಗ್ಗ ಬಿಗಿಯಾಯಿತು. ನೀರಿನೊಳಗೆ ಏನೋ ಫಳ್ಳೆಂದಿತು.

"ಡ್ಯಾಡ್!"

ಬೆಳ್ಳಿ! ಒಂದರ ಮೇಲೊಂದು ಸೀ ಟ್ರೌಟ್ ಮೀನುಗಳು ಪಟಪಟ ಬಡಿದುಕೊಳ್ಳುತ್ತಾ ದೋಣಿಯೊಳಗೆ ಬಿದ್ದವು. ಅಜ್ಜಿಗೆ ಯಾರೂ ಹೇಳಬೇಕಾಗಲಿಲ್ಲ. ತೋಳು ಮಡಚಿಕೊಂಡು ಬಗ್ಗಿದರು. ಕಿವಿರಿನ ಹತ್ತಿರ ಹಿಡಿದು, ಎತ್ತಿ, ಐಸ್ ತುಂಬಿದ ಬಾಕ್ಸಿಗೆ ಹಾಕತೊಡಗಿದರು. ಜೆಸ್ ಹಾಕುವಷ್ಟೇ ವೇಗ. ಇಬ್ಬರಿಗೂ ಮಾತೇ ಬೇಕಾಗಲಿಲ್ಲ.

ಕೊನೆಯಲ್ಲಿ ಒಂದು ಬಂತು ನೋಡಿ! ಕ್ಷಮಾಳ ತೋಳಿಗಿಂತ ಉದ್ದ, ಬೆನ್ನು ನೀಲಿ, ಹೊಟ್ಟೆ ಬೆಳ್ಳಗೆ. ಸಾಲ್ಮನ್ ಮೀನು. ಆದರೆ ಕೆನ್ ಅಜ್ಜನ ದೋಣಿಯಲ್ಲಿ ಇದರ ಹೆಸರನ್ನೂ ಎತ್ತುವ ಹಾಗಿಲ್ಲ, 'ಕೆಂಪು ಮೀನು' ಅನ್ನಬೇಕು.

"ಕೆಂಪು ಮೀನು!" ಕೂಗಿದರು ಕೆನ್ ಅಜ್ಜ. "ಬೇಗ, ಬೇಗ, ವಾಪಸ್ ನೀರಿಗೆ!"

"ಎಂತ ಹೇಳ್ತಾರೆ?" ಕೇಳಿದರು ಅಜ್ಜಿ. ಮೀನನ್ನು ಆಗಲೇ ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡಾಗಿತ್ತು.

"ಅದನ್ನ ಬಿಡಬೇಕಂತೆ ಅಜ್ಜಿ. ಈ ಮೀನು ತುಂಬ ಕಡಿಮೆ ಆಗಿದೆ, ಹಿಡಿಯೋ ಹಾಗಿಲ್ಲ. ಜೀವಂತ ಬಿಡಬೇಕು, ಲಾ ಇದೆ."

"ಬಿಡೂದಾ? ಇದನ್ನಾ?" ಅಜ್ಜಿಯ ಧ್ವನಿ ಕೀರಲಾಯಿತು. "ಅಂಜಲ್ ಮೀನು ಕೂಡ ಇದರ ಮುಂದೆ ಏನಿಲ್ಲ ಮಾರಾಯ್ತಿ! ನೀನು ಸರಿಯಾಗಿ ಕೇಳಿದ್ಯಾ?"

"ನಿಜವಾಗ್ಲೂ ಅಜ್ಜಿ! ದೇವರಾಣೆ!" ಈ ಸಲ ಕ್ಷಮಾ ಹೇಳಿದ್ದು ಅಪ್ಪಟ ನಿಜ. ಆದರೂ ತನ್ನ ಧ್ವನಿಯ ಮೇಲೆ ಅವಳಿಗೇ ನಂಬಿಕೆ ಬರಲಿಲ್ಲ.

ಅಜ್ಜಿ ನಿಟ್ಟುಸಿರು ಬಿಟ್ಟು ದೋಣಿಯ ಅಂಚಿಗೆ ಬಗ್ಗಿದರು. ಕೆನ್ ಅಜ್ಜ ಅವರ ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡರು. ಮೀನು ನೀರೊಳಗೆ ಒಂದು ಕ್ಷಣ ಅಜ್ಜಿಯ ಅಂಗೈ ಮೇಲೆ ಸುಮ್ಮನೆ ಮಲಗಿತ್ತು. ಕಿವಿರು ತೆರೆಯಿತು, ಮುಚ್ಚಿತು. ಆಮೇಲೆ ಬಾಲದಿಂದ ಅಜ್ಜಿಯ ಕೆನ್ನೆಗೆ ಒಂದು ಪೆಟ್ಟು ಕೊಟ್ಟು ಮಾಯವಾಯಿತು.

ಅಜ್ಜಿ ಕೆನ್ನೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಇಷ್ಟು ವರ್ಷ ಸತ್ತ ಮೀನೇ ಮುಟ್ಟಿದ್ದು," ಅಂದರು. "ಇದು ಹೊಡೀತು ನೋಡು ನನಗೆ!"

ವಾಪಸ್ ಬರುವಾಗ ದೋಣಿಯಲ್ಲಿ ಹಬ್ಬ. ಬಾಕ್ಸುಗಳು ತುಂಬಿದ್ದವು. ಜೆಸ್ ಫ್ಲಾಸ್ಕಿನಿಂದ ಟೀ ಕೊಟ್ಟಳು. ಕೆನ್ ಅಜ್ಜ ಕಾಲಿನಲ್ಲಿ ಪಚಕ್ ಅನ್ನಿಸುತ್ತಾ, "ಬೂಟು! ಎಲ್ಲ ಬೂಟಿನ ಮಹಿಮೆ!" ಅನ್ನುತ್ತಿದ್ದರು. "ನಾಳೆ ಪಬ್ಬಿನಲ್ಲಿ ಎಲ್ಲರಿಗೂ ಹೇಳ್ತೀನಿ. ಮುಂದಿನ ವರ್ಷ ಸ್ಕಾರ್‌ವಿಕ್‌ನಲ್ಲಿ ಯಾವನೂ ಬೂಟು ಬಿಚ್ಚಬಾರದು."

ಕ್ಷಮಾಗೆ ಟೀ ಇಳಿಯಲಿಲ್ಲ. ಇನ್ನು ಮುಂದೆ ಪಾಪ ಎಷ್ಟು ಜನ ಒದ್ದೆ ಕಾಲಲ್ಲಿ ಕೂರಬೇಕೋ! ಅವಳು ಅಜ್ಜಿಯ ಪಕ್ಕ ಹೋಗಿ ಅಂಟಿಕೊಂಡು ಕೂತಳು.

"ಅಜ್ಜಿ, ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ."

"ಬೈಯೂದಿಲ್ಲ ಅಂತ ಹೇಗೆ ಹೇಳೂದು? ಮೊದಲು ಹೇಳು."

ಕ್ಷಮಾ ಬೂಟಿನ ಬಾಯನ್ನು ಒಂಚೂರು ಸರಿಸಿದಳು. ಗುಲಾಬಿ ಬಣ್ಣದ ಪ್ರಾಣಿಯೊಂದು ಅಜ್ಜಿಗೆ ಕಣ್ಣು ಹೊಡೆಯಿತು. ಕ್ಷಮಾ ಅಜ್ಜಿಯ ಕಿವಿಯಲ್ಲಿ ಎಲ್ಲ ಹೇಳಿದಳು, ಮೊದಲಿಂದ ಕೊನೆಯವರೆಗೆ.

ಅಜ್ಜಿಯ ಬಾಯಿ ತೆರೆದದ್ದು ತೆರೆದೇ ಇತ್ತು. "ಹಾಗಾದ್ರೆ ಬೂಟಿನ ಕ್ರಮ..."

"ಸುಳ್ಳು. ನಾನೇ ಮಾಡಿದ್ದು."

"ಅವರ ಅಪ್ಪನ ಕಾಲದಿಂದ ಅಂದದ್ದು?"

"ಅದೂ."

ಅಜ್ಜಿ ಕೆನ್ ಅಜ್ಜನನ್ನು ನೋಡಿದರು. ಒದ್ದೆ ಬೂಟಿನಲ್ಲಿ ಸೆಟೆದು ನಿಂತಿದ್ದರು, ಪಾಪ.

"ಎಷ್ಟು ಹೊತ್ತು ಬೇಕಾಯ್ತು ನಿನಗೆ, ಅದನ್ನು ಮಾಡಲಿಕ್ಕೆ?"

ಇದೆಂಥ ಪ್ರಶ್ನೆ? ಕ್ಷಮಾ ಯೋಚಿಸಿದಳು. "ಒಂದು ನಿಮಿಷ. ಅಷ್ಟೂ ಇಲ್ಲ."

"ಒಂದು ನಿಮಿಷ," ಅಂದರು ಅಜ್ಜಿ.

ಬೈಯಲಿಲ್ಲ. ನಗಲೂ ಇಲ್ಲ. ಸಮುದ್ರದ ಕಡೆ ತಿರುಗಿ ಕೂತರು. ತುಂಬ ಹೊತ್ತು ಹಾಗೇ ಕೂತಿದ್ದರು. ಕೈ ಮಾತ್ರ ಜಡೆ ಇದ್ದ ಕಡೆ, ಈಗ ಸಣ್ಣ ಗಂಟಾಗಿರುವ ಬಿಳಿ ಕೂದಲ ಮೇಲೆ ಹೋಗಿ ನಿಂತಿತ್ತು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಕ್ಷಮಾಗೆ.

ಬಂದರು ಸೇರಿದ ಮೇಲೆ ಅಜ್ಜಿ ಅಂದರು, "ಹೋಗು, ಅವರಿಗೆ ಹೇಳು. ನಾನಿದ್ದೇನೆ."

ಕ್ಷಮಾ ಕಲ್ಲಿನ ಕಟ್ಟೆಯ ಮೇಲೆ ನಿಂತು ಎರಡೂ ಬೂಟು ಕಿತ್ತಳು. ಎಲ್ಲ ಪ್ರಾಣಿಗಳೂ ಒಟ್ಟಿಗೆ ಬಿಸಿಲು ಕಂಡವು.

ಕೆನ್ ಅಜ್ಜ ನೋಡಿದರು. ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು. ಕೈ ತಾನಾಗೇ ಕಬ್ಬಿಣ ಹುಡುಕಿತು. "ಅವು... ಬೆಳಗಿನಿಂದ... ನನ್ನ ದೋಣಿಯಲ್ಲಿ?"

"ಸಾರಿ ಕೆನ್ ಅಜ್ಜ. ದೋಣಿ ವಾಪಸ್ ಹೋದ್ರೆ ಅಜ್ಜಿಗೆ... ಅಜ್ಜಿಗೆ ಇದೊಂದೇ ದಿನ ಇದ್ದಿದ್ದು. ಬೂಟಿನ ರೂಲ್ ಕೂಡ ನಾನೇ ಮಾಡಿದ್ದು."

ಕೆನ್ ಅಜ್ಜ ಸಾಕ್ಸ್ ನೋಡಿದರು. ತುಂಬಿದ ಬಾಕ್ಸುಗಳನ್ನು ನೋಡಿದರು. ಮತ್ತೆ ಸಾಕ್ಸ್ ನೋಡಿದರು. ಲೆಕ್ಕ ತಾಳೆಯಾಗಲಿಲ್ಲ. ಜೆಸ್ ಆಗಲೇ ನಗು ತಡೆಯಲಾರದೆ ಬಲೆಯ ಗುಡ್ಡೆಯ ಮೇಲೆ ಉರುಳಿದ್ದಳು.

"ಬೆಳಗಿನಿಂದ ನನ್ನ ಕಾಲು ನೀರಲ್ಲಿದೆ ಹುಡುಗಿ!" ಗುಡುಗಿದರು ಕೆನ್ ಅಜ್ಜ. ಧಪ್ಪನೆ ಕೂತು ಬೂಟು ಎಳೆದು ತಲೆಕೆಳಗು ಮಾಡಿದರು. ನೀರಿನ ಜೊತೆ ಒಂದು ಪುಟ್ಟ ಏಡಿಯೂ ಬಿತ್ತು. ಅದನ್ನು ನೋಡಿದ್ದೇ ನಗುವಿನಿಂದ ಅವರ ಹೊಟ್ಟೆ ಕುಲುಕತೊಡಗಿತು. "ಡೇವ್‌ಗೆ ಮಾತ್ರ ಯಾರೂ ಹೇಳಬೇಡಿ. ಅವನು ಇನ್ನೊಂದು ವಾರ ಹ್ಯಾಗಿರ್ತಾನೆ ನೋಡಬೇಕು."

ಅಷ್ಟರಲ್ಲಿ ಅಪ್ಪನ ಫೋನ್ ಬಡಿದುಕೊಂಡಿತು. ವಿಡಿಯೋ ಕಾಲ್. ಮಲ್ಪೆಯಿಂದ ಅಜ್ಜಿಯ ಅಣ್ಣ, ಭುಜಂಗಜ್ಜ. ನೆಲ ಸಿಕ್ಕ ಮೇಲೆ ಜೀವ ಬಂದು ಚಿಪ್ಸ್ ತಿನ್ನುತ್ತಿದ್ದ ಅಪ್ಪ ಫೋನನ್ನು ಅಜ್ಜಿಗೆ ಕೊಟ್ಟ.

"ಎಂತ ಜಲಜಾ, ದೋಣಿ ಹತ್ತಿದ್ಯಂತೆ!" ಭುಜಂಗಜ್ಜನ ದೊಡ್ಡ ಧ್ವನಿ ಕಟ್ಟೆಗೆಲ್ಲ ಕೇಳಿತು. "ಪಾಪ ಆ ಬಿಳಿಯರಿಗೆ ಇವತ್ತು ಒಂದು ಮೀನಾದ್ರೂ ಸಿಕ್ಕಿತಾ?"

ಅಜ್ಜಿ ಫೋನನ್ನು ಬಾಕ್ಸುಗಳ ಕಡೆ ತಿರುಗಿಸಿದರು. ಒಂದೊಂದನ್ನೂ ನಿಧಾನವಾಗಿ ತೋರಿಸಿದರು. ಆಮೇಲೆ ಹಳದಿ ಪ್ಯಾಂಟಿನ ಜೆಸ್‌ಳನ್ನು ತೋರಿಸಿದರು. ಜೆಸ್ ಕೈ ಬೀಸಿದಳು.

ಭುಜಂಗಜ್ಜ ಫೋನಿಗೆ ಮುಖ ಅಂಟಿಸಿಕೊಂಡು ನೋಡಿದರು.

"ಇಷ್ಟಾ?" ಅಂದರು. "ನಮಗೆ ಈ ವಾರ ಡೀಸೆಲ್ ಖರ್ಚಿಗೂ ಗಿಟ್ಟಲಿಲ್ಲ ಮಾರಾಯ್ತಿ. ಅವರು ಎಂತ ಮಾಡ್ತಾರೆ?"

ಅಜ್ಜಿ ಒಮ್ಮೆ ಕ್ಷಮಾಳನ್ನು ನೋಡಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು, ಬಹಳ ಗಂಭೀರವಾಗಿ ಹೇಳಿದರು.

"ಇಲ್ಲಿ ಒಂದು ಕ್ರಮ ಉಂಟಣ್ಣ. ದೋಣಿಯಲ್ಲಿ ಒಬ್ಬಳಾದ್ರೂ ಹೆಂಗಸು ಇರಬೇಕು. ಇಲ್ಲದಿದ್ರೆ ಇವರು ಹಗ್ಗವನ್ನೇ ಬಿಚ್ಚೂದಿಲ್ಲ. ಅವರ ಅಪ್ಪನ ಕಾಲದಿಂದ."

ಅಪ್ಪನ ಕೈಯ ಚಿಪ್ಸ್ ಬಾಯಿಯ ಹತ್ತಿರವೇ ನಿಂತಿತು. "ಅಮ್ಮಾ, ಎಂತ ನೀವು—" ಅಂದವನ ಕಾಲನ್ನು ಅಜ್ಜಿ ಬೂಟಿನಿಂದ ಮೆಟ್ಟಿದರು.

"ಹೌದನಾ?" ಭುಜಂಗಜ್ಜನಿಗೆ ನಂಬಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. "ಕ್ಷಮಾ ಎಲ್ಲಿ? ಅವಳಿಗೆ ಇಂಗ್ಲಿಷ್ ಬರ್ತದಲ್ಲ, ಅವಳನ್ನು ಕರಿ."

ಫೋನು ಕ್ಷಮಾಳ ಕೈಗೆ ಬಂತು. ಅಜ್ಜಿ ಅವಳ ಕಡೆ ನೋಡಲಿಲ್ಲ, ಹೀಗೆ ಹೇಳು ಅಂತ ಕಣ್ಸನ್ನೆಯನ್ನೂ ಮಾಡಲಿಲ್ಲ. ಬಂದರಿನ ನೀರನ್ನು ನೋಡುತ್ತಾ ನಿಂತಿದ್ದರು. ಲೈಫ್ ಜಾಕೆಟ್ ಇನ್ನೂ ಬಿಚ್ಚಿರಲಿಲ್ಲ.

ಅವತ್ತು ಆಡಿದ ಒಂದೊಂದು ಸುಳ್ಳೂ ಇನ್ನೊಂದನ್ನು ಎಳೆದು ತಂದಿತ್ತು. ಈಗ ಮತ್ತೊಂದಾ ಅಂತ ಅವಳು ತಡವರಿಸಿದಳು.

ಆಗ ಭುಜಂಗಜ್ಜನ ಭುಜದ ಹಿಂದಿನಿಂದ ಒಂದು ಮುಖ ಇಣುಕಿತು. ಅವರ ಮೊಮ್ಮಗಳು ಚಿನ್ಮಯಿ. ಕ್ಷಮಾಳದೇ ವಯಸ್ಸು, ಎರಡು ಜಡೆ.

"ಅಜ್ಜಾ, ಹಾಗಾದ್ರೆ ನಾಳೆ ಬೋಟಿಗೆ ನಾನು ಬರ್ಲಾ?"

ಕ್ಷಮಾ ಆ ಎರಡು ಜಡೆಗಳನ್ನು ನೋಡಿದಳು. ಆಮೇಲೆ ಅಜ್ಜಿಯ ಬೆನ್ನನ್ನು ನೋಡಿದಳು. ದೋಣಿಯಲ್ಲಿ ಅಜ್ಜಿ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಯಾಕೆ ಅಂತ ಅವಳಿಗೆ ಈಗ ಗೊತ್ತಾಯಿತು. ಅಜ್ಜಿಯ ಜಡೆ ಎಳೆಸಿದ ಕ್ರಮವನ್ನೂ ಯಾರೋ ಒಬ್ಬರು ಒಂದು ನಿಮಿಷದಲ್ಲೇ ಮಾಡಿದ್ದಿರಬೇಕು.

"ಹೇಳು ಮಗಾ," ಅಂದರು ಭುಜಂಗಜ್ಜ. "ಅಜ್ಜಿ ಹೇಳೂದು ಹೌದಾ?"

"ಹೌದು ಅಜ್ಜ," ಅಂದಳು ಕ್ಷಮಾ. "ಇಲ್ಲಿ ಎಲ್ಲರಿಗೂ ಗೊತ್ತು."

ಈ ಸಲ ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.